ನಾಲ್ವರ ವಾರಾಂತ್ಯಕ್ಕೆ 300 ಯೂರೋ

2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 49,483. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ಇವರದೇ. ವೀಸಾಕ್ಕಾಗಿ ಇವರಲ್ಲಿ ಬಹುಪಾಲು ಮಂದಿ ವರ್ಷದ ಖರ್ಚನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಲು ಬಿಡುವ ಖಾತೆಯಲ್ಲಿ, ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ, ಅಂದರೆ ತಿಂಗಳಿಗೆ 992. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಎಲ್ಲವೂ ಇದರೊಳಗೇ ಆಗಬೇಕು. ಶನಿವಾರ ಎಲ್ಲಾದರೂ ಹೋಗೋಣ ಎಂದು ಗೆಳೆಯರು ಕರೆದರೆ ಮನಸ್ಸು ಹಿಂದೆ ಸರಿಯುವುದು ಸಹಜ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ಪ್ರಯಾಣ: ಮೊದಲೇ ಕಟ್ಟಿದ ಹಣ

ಆಖೆನ್‌ನಲ್ಲಿ ಓದುವ ನಾಲ್ವರು ಕಲೋನ್ ನೋಡಿಕೊಂಡು ಕೋಬ್ಲೆಂಜ್‌ನಲ್ಲಿ ತಂಗಿ, ಮರುದಿನ ರೈನ್ ನದಿಯ ಕಣಿವೆ ಸುತ್ತಿ ಬರುತ್ತಾರೆ ಎಂದುಕೊಳ್ಳಿ. ಕಲೋನ್‌ಗೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಕೋಬ್ಲೆಂಜ್ ಸುಮಾರು 90 ಕಿ.ಮೀ. ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ದೇಶದ ಎಲ್ಲ ಪ್ರಾದೇಶಿಕ ರೈಲು, ಟ್ರಾಮ್, ಸಿಟಿ ಬಸ್ಸುಗಳಲ್ಲಿ ಓಡಾಡಬಹುದು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಇದರ ಮಾಸಿಕ ದರ 2025ರಲ್ಲಿ 58, 2026ರಲ್ಲಿ 63 ಆಯಿತು. ಸೆಮಿಸ್ಟರ್ ಶುಲ್ಕದ ಜೊತೆಗೆ ಬರುವ ವಿದ್ಯಾರ್ಥಿ ಟಿಕೆಟ್ಟಿಗೆ ಇದರ 60% ಮಾತ್ರ: 58ರ ಲೆಕ್ಕದಲ್ಲಿ ತಿಂಗಳಿಗೆ 34.80 ಯೂರೋ. ಕಾಲೇಜಿಗೆ ಹೋಗಿಬರಲು ಹೇಗೂ ಕಟ್ಟಿರುವ ಹಣವಿದು. ಪ್ರವಾಸಕ್ಕೆಂದು ಹೊಸದಾಗಿ ಒಂದು ಸೆಂಟೂ ಬೇಡ.

ಉಳಿದ ಖರ್ಚು (ನಾಲ್ವರಿಗೆ, ಅಂದಾಜು)

- ಹಾಸ್ಟೆಲ್ ಹಾಸಿಗೆ, ತಲಾ 35: 140 ಯೂರೋ
- ಎರಡು ದಿನದ ಬ್ರೆಡ್, ಚೀಸ್, ಹಣ್ಣು: 40
- ಹೋಟೆಲಿನಲ್ಲಿ ಒಂದು ಊಟ, ತಲಾ 15: 60
- ಪ್ರವೇಶ ಶುಲ್ಕ, ತಲಾ 15: 60
- ಒಟ್ಟು: 300. ತಲಾ 75

ಯೂರೋಗೆ 100 ರೂಪಾಯಿ ಹಿಡಿದರೆ ತಲಾ 7,500. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇದು ದೊಡ್ಡ ಮೊತ್ತವಾಗಿಯೇ ಕಾಣುತ್ತದೆ. ಆದರೆ ಖರ್ಚು ಮಾಡುವ ಊರಿನ ಅಳತೆಯಲ್ಲಿ ನೋಡಿದರೆ 75 ಯೂರೋ ಎಂಬುದು 992ರಲ್ಲಿ ಸುಮಾರು 7.6%. 2025ರ ಕನಿಷ್ಠ ವೇತನ ಗಂಟೆಗೆ 12.82 ಯೂರೋ; ಆರು ಗಂಟೆ ಪಾರ್ಟ್‌ಟೈಮ್ ದುಡಿದರೆ ಈ ಹಣ ಕೈಸೇರುತ್ತದೆ.

ರಾತ್ರಿ ತಂಗದೆ ಒಂದೇ ದಿನದಲ್ಲಿ ವಾಪಸಾದರೆ ಹಾಸಿಗೆಯ 140, ಎರಡನೇ ದಿನದ ತಿಂಡಿಯ 20 ಉಳಿಯುತ್ತದೆ. ಆಗ ಒಟ್ಟು 140, ತಲಾ 35. ಖರ್ಚಿನ ಅರ್ಧಕ್ಕಿಂತ ಹೆಚ್ಚು ಆ ಒಂದು ರಾತ್ರಿಯದೇ.

ಲೆಕ್ಕ ತಪ್ಪುವ ಜಾಗಗಳು

ಮೊದಲನೆಯದು ರೈಲು. ಕಲೋನ್ ನಿಲ್ದಾಣದಲ್ಲಿ ಪ್ರಾದೇಶಿಕ ರೈಲುಗಳ ಜೊತೆಗೇ ವೇಗದ ಐಸಿಇ ರೈಲೂ ಬಂದು ನಿಲ್ಲುತ್ತದೆ. ಡಾಯ್ಚ್‌ಲಾಂಡ್ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ತಲಾ ಕನಿಷ್ಠ 60 ಯೂರೋ, ನಾಲ್ವರಿಗೆ 240. ಹತ್ತುವ ಮುನ್ನ ಫಲಕದಲ್ಲಿ ಪ್ರಾದೇಶಿಕ ರೈಲಿನ ಗುರುತಾದ ಆರ್‌ಇ ಅಥವಾ ಆರ್‌ಬಿ ಎಂದಿದೆಯೇ ನೋಡಿಕೊಂಡರೆ ಸಾಕು.

ಎರಡನೆಯದು ಭಾನುವಾರ. ಜರ್ಮನಿಯಲ್ಲಿ ಅಂದು ಕಾನೂನಿನ ಪ್ರಕಾರ ಸೂಪರ್ ಮಾರ್ಕೆಟ್‌ಗಳು ಮುಚ್ಚಿರುತ್ತವೆ. ತೆರೆದಿರುವ ನಿಲ್ದಾಣದ ಅಂಗಡಿಗಳಲ್ಲಿ ಬೆಲೆ ಜಾಸ್ತಿ. ಭಾನುವಾರದ ಬ್ರೆಡ್, ಹಣ್ಣು ಶನಿವಾರ ಸಂಜೆಯೇ ಚೀಲ ಸೇರಬೇಕು.

ಮೂರನೆಯದು ನೀರು. ಒಮ್ಮೆ ಮಾತ್ರ ಬಳಸುವ ಪ್ರತಿ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ. ಅದನ್ನು ಬಿಲ್ ಕೌಂಟರಿನಲ್ಲಿ ಕೊಟ್ಟರೆ ಹಣ ವಾಪಸ್. ನಾಲ್ವರು ದಿನಕ್ಕೆರಡರಂತೆ ಎರಡು ದಿನ ಕೊಂಡ 16 ಬಾಟಲಿ ಎಸೆದರೆ 4 ಯೂರೋ ಹೋಯಿತು. ನಲ್ಲಿಯ ನೀರು ಕುಡಿಯಲು ಯೋಗ್ಯ. ಮನೆಯಿಂದ ಬಾಟಲಿ ಒಯ್ದರೆ ಈ ಖರ್ಚೇ ಇಲ್ಲ.

ಯಾರ ಜೇಬಿಗೆ ತಕ್ಕಂತೆ?

ಗುಂಪಿನಲ್ಲಿ ಒಬ್ಬರಿಗೆ ಕಂಪನಿಯ ಇಂಟರ್ನ್‌ಶಿಪ್ ವೇತನ ಬರುತ್ತಿರುತ್ತದೆ, ಇನ್ನೊಬ್ಬರು ಶಿಕ್ಷಣ ಸಾಲದ ಮೇಲೆಯೇ ನಿಂತಿರುತ್ತಾರೆ. ಹಣವಿಲ್ಲ ಎಂದು ಬಾಯಿಬಿಟ್ಟು ಹೇಳಲಾಗದೆ ಅಸೈನ್‌ಮೆಂಟಿನ ನೆಪ ಒಡ್ಡಿ ಕೋಣೆಯಲ್ಲೇ ಉಳಿಯುವವರು ಇವರೇ. ಪರದೇಶದಲ್ಲಿ ಆ ಒಂಟಿತನ ಬಹಳ ಕಾಡುತ್ತದೆ. ಆದ್ದರಿಂದ ಊರು ಯಾವುದೆಂದು ಆರಿಸುವ ಮೊದಲೇ ತಲಾ ಮೊತ್ತ ನಿಗದಿಯಾಗಲಿ, ಅದೂ ಗುಂಪಿನಲ್ಲಿ ಅತಿ ಕಡಿಮೆ ಹಣವಿರುವವರು ಒಪ್ಪುವಷ್ಟು. 75 ಕಷ್ಟವೆಂದರೆ 35ರ ಪ್ರವಾಸಕ್ಕೆ ನಾಲ್ವರೂ ಹೊರಡಲಿ.