ಎರಡು ಕಿಲೋಬೈಟಿನಲ್ಲಿ ಟಿವಿ ಚಿತ್ರ

ಘಟಪ್ರಭಾ ನದಿಗೆ ಎರಡು ಬಗೆಯ ಕಟ್ಟೆಗಳಿವೆ. 1897ರ ಧೂಪದಾಳ ಒಡ್ಡು ನೀರನ್ನು ಹೆಚ್ಚು ಕೂಡಿಡದೆ, ಹೊಳೆ ಬಂದ ಹಾಗೆ ಕಾಲುವೆಗೆ ತಿರುಗಿಸುತ್ತದೆ. ಆಮೇಲೆ ಎದ್ದ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿಎಂಸಿ ಅಡಿ ನೀರು ತುಂಬಿಕೊಂಡು ಬೇಕಾದಾಗ ಬಿಡುತ್ತದೆ. ಪರದೆಗೆ ಚಿತ್ರ ಕಳಿಸುವ ಕಂಪ್ಯೂಟರುಗಳಿಗೂ ಇವೆರಡೇ ದಾರಿ. ಇಂದಿನ ಫೋನು, ಲ್ಯಾಪ್‌ಟಾಪುಗಳು ಇಡೀ ಚಿತ್ರವನ್ನು ಮೆಮೊರಿಯಲ್ಲಿ ತುಂಬಿಟ್ಟು ತೋರಿಸುತ್ತವೆ. ಅಷ್ಟು ಮೆಮೊರಿ ಇಲ್ಲದ ಕಾಲದಲ್ಲಿ ಚಿತ್ರವನ್ನು ಗೆರೆ ಗೆರೆಯಾಗಿ, ಹೊತ್ತಿಗೆ ಸರಿಯಾಗಿ ಹರಿಸಿಬಿಡುವ ಜಾಣ್ಮೆ ಹುಟ್ಟಿತು. ಆ ಜಾಣ್ಮೆಗೆ ಈಗಲೂ ಕೆಲಸವಿದೆ, ಅದರೊಳಗೆ ಕನ್ನಡವೂ ಹಿಡಿಸುತ್ತದೆ ಎಂಬುದು ನನ್ನ ವಾದ.

1973ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ರೇಡಿಯೋ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಡಾನ್ ಲ್ಯಾಂಕಾಸ್ಟರ್ ಅವರ ‘ಟಿವಿ ಟೈಪ್‌ರೈಟರ್’ ಬಂದಾಗ, ಮನೆಯ ಟಿವಿಯ ಮೇಲೆ ಅಕ್ಷರ ಮೂಡಿಸುವುದೇ ದೊಡ್ಡ ಸುದ್ದಿ. 1977ರ ಅಟಾರಿ 2600 ಆಟದ ಯಂತ್ರಕ್ಕೆ ಇದ್ದದ್ದು ಬರೀ 128 ಬೈಟು ಮೆಮೊರಿ. ಟಿವಿಯ ಕಿರಣ ಒಂದು ಗೆರೆ ಎಳೆಯುವಷ್ಟರಲ್ಲಿ ಆ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಂ ಹೇಳಿ ಮುಗಿಸಬೇಕಿತ್ತು. 1 ಕಿಲೋಬೈಟಿನ ಸಿಂಕ್ಲೇರ್ ಜಡ್‌ಎಕ್ಸ್80 ಕಂಪ್ಯೂಟರು ಲೆಕ್ಕ ಮಾಡಲು ಹೊರಟರೆ ಚಿತ್ರವೇ ಮಾಯವಾಗುತ್ತಿತ್ತು. ಮರುವರ್ಷ, 1981ರಲ್ಲಿ ಬಂದ ಜಡ್‌ಎಕ್ಸ್81 ಚಿತ್ರದ ಮೇಲಿನ, ಕೆಳಗಿನ ಖಾಲಿ ಗೆರೆಗಳ ಸಮಯದಲ್ಲಿ ಲೆಕ್ಕ ಮುಗಿಸಲು ಕಲಿತಿತ್ತು. ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಸುಂದರ ತಿರುವು ಇದೇ: ಬಿಡುವಿನ ಹೊತ್ತನ್ನು ದುಡಿಮೆಗೆ ಹಚ್ಚಿದ್ದು.

ಇಂದು ವಿದ್ಯಾರ್ಥಿಗಳ ಕೈಯಲ್ಲಿರುವ ಆರ್ಡುಯಿನೋ ಊನೋ ಆರ್3 ಬೋರ್ಡಿಗೂ ಇದೇ ಲೆಕ್ಕ. ಅದರ ಮೆಮೊರಿ 2 ಕಿಲೋಬೈಟು, ವೇಗ 16 ಮೆಗಾಹರ್ಟ್ಸ್. ನಮ್ಮ ಪಾಲ್ ಪದ್ಧತಿಯ ಟಿವಿಯಲ್ಲಿ ಒಂದು ಗೆರೆಗೆ 64 ಮೈಕ್ರೋಸೆಕೆಂಡು. ಅಷ್ಟರಲ್ಲಿ ಚಿಪ್ಪಿಗೆ ಸಿಗುವುದು 1024 ಮಿಡಿತ. 470 ಓಮ್ ಮತ್ತು 1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಇದ್ದರೆ, ಎರಡು ಪಿನ್ನುಗಳಿಂದಲೇ ಕಪ್ಪು, ಬಿಳುಪು ಮತ್ತು ಗೆರೆ ಶುರುವಾಯಿತೆಂಬ ಸೂಚನೆ ಮೂರೂ ಹೊರಡುತ್ತವೆ. 128 ಚುಕ್ಕಿ ಅಡ್ಡ, 96 ಚುಕ್ಕಿ ಉದ್ದದ ಕಪ್ಪು-ಬಿಳುಪು ಚಿತ್ರಕ್ಕೆ 1536 ಬೈಟು ಸಾಕು, 512 ಉಳಿಯುತ್ತವೆ.

ಇಂಗ್ಲಿಷಿನ ಬಿಡಿ ಅಕ್ಷರಕ್ಕೆ ಇದು ಸರಿ, ಕಾಗುಣಿತ, ಒತ್ತಕ್ಷರಗಳ ಕನ್ನಡಕ್ಕೆ ಸಾಲದು ಎಂಬ ಆಕ್ಷೇಪಕ್ಕೆ ಎಣಿಸಿಯೇ ಉತ್ತರಿಸಬೇಕು. 34 ವ್ಯಂಜನಗಳಿಗೆ ತಲಾ 14 ರೂಪವೆಂದರೆ 476 ಆಕಾರ. 16ಕ್ಕೆ 16 ಚುಕ್ಕಿಯ ಒಂದೊಂದು ಆಕಾರಕ್ಕೆ 32 ಬೈಟಿನಂತೆ 15,232 ಬೈಟು. ಒತ್ತುಗಳಿಗೆ ಇನ್ನು ಐದಾರು ನೂರು ಸೇರಿಸಿದರೂ, ಪ್ರೋಗ್ರಾಂ ಇಡುವ 32 ಕಿಲೋಬೈಟಿನಲ್ಲಿ ಅರ್ಧದಷ್ಟೇ ಖರ್ಚು. ಒತ್ತಿಗೆ ಕೆಳಗೆ ಜಾಗ ಬಿಟ್ಟು 24 ಚುಕ್ಕಿಗೊಂದು ಸಾಲು ಮಾಡಿದರೆ, ನಾಲ್ಕು ಸಾಲುಗಳಲ್ಲಿ ಸುಮಾರು 32 ಅಕ್ಷರ ಬರುತ್ತವೆ. ಅಗಲದ ಅಕ್ಷರಗಳು ಬಂದಾಗ ಇದು ತುಸು ಕುಗ್ಗೀತು. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಹೇಳಲು ಅಷ್ಟು ಸಾಕು.

ಚಿಪ್ಪು ಚಿತ್ರ ಬಿಡಿಸುವುದರಲ್ಲೇ ದಣಿದರೆ ಬೇರೆ ಕೆಲಸ ಯಾವಾಗ ಎಂದು ಕೇಳಬಹುದು. ಒಂದು ಸುತ್ತಿನ 312 ಗೆರೆಗಳಲ್ಲಿ, ಪ್ರತಿ ಚುಕ್ಕಿಸಾಲನ್ನು ಎರಡು ಸಲ ತೋರಿಸಿದರೂ 192 ಗೆರೆ ಮಾತ್ರ ಚಿತ್ರಕ್ಕೆ. ಉಳಿದ 120 ಗೆರೆಗಳ ಸಮಯ ಏಳೂವರೆ ಮಿಲಿಸೆಕೆಂಡಿಗೂ ಹೆಚ್ಚು. ನಿಧಾನಕ್ಕೆ ಏರುವ ನೀರಿನ ಮಟ್ಟ ಅಳೆಯಲು ಅದು ಧಾರಾಳ. ಮೆಮೊರಿ ಅಗ್ಗವಾದ ಕಾಲದಲ್ಲಿ ಈ ಹಟವೇಕೆ ಎಂಬುದು ಇನ್ನೂ ಬಲವಾದ ಪ್ರಶ್ನೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ ಬೋರ್ಡಿನಲ್ಲಿ 264 ಕಿಲೋಬೈಟ್ ಮೆಮೊರಿ ಇದೆ. ಆದರೂ 640ಕ್ಕೆ 480ರ, 256 ಬಣ್ಣದ ಒಂದು ಚಿತ್ರಕ್ಕೆ 3,07,200 ಬೈಟು ಬೇಕು, ಅದು ಹಿಡಿಸದು. ಅಲ್ಲಿಯೂ ಕೊನೆಗೆ ಕೈಹಿಡಿಯುವುದು ಗೆರೆ ಗೆರೆಯಾಗಿ ಹರಿಸುವ ಹಳೆಯ ವಿದ್ಯೆಯೇ.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದ್ದನ್ನು ಈ ಸೀಮೆ ಮರೆತಿಲ್ಲ. ನದಿದಂಡೆಯ ಪಂಚಾಯಿತಿ ಕಟ್ಟೆಯ ಮೇಲೆ, ಮೂಲೆಗೆ ಬಿದ್ದ ಹಳೆಯ ಟಿವಿಯಲ್ಲಿ ಹಿಡಕಲ್‌ನ ಮಟ್ಟವನ್ನು ಕನ್ನಡದಲ್ಲಿ ತೋರಿಸುವ ಬೋರ್ಡನ್ನು ನಿಡಸೋಶಿಯ, ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಾಗಿ ಕೈಗೆತ್ತಿಕೊಳ್ಳಲಿ. ಅಧ್ಯಾಪಕರು ಅದಕ್ಕೆ ಒತ್ತಾಸೆಯಾಗಿ ನಿಲ್ಲಲಿ.