ಲಾರಿ ಇಂಜಿನಿನ ನೀರಿನ ಪಂಪು: ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಕೆರೆಯ ಏರಿಯಲ್ಲಿ ನೀರು ಜಿನುಗುವುದನ್ನು ಕಂಡ ಗ್ರಾಮದ ಮುಖಂಡರು ಏರಿ ಒಡೆಯುವವರೆಗೆ ಕಾದು ಕುಳಿತಿರುವುದಿಲ್ಲ. ಅದೇ ದಿನ ಆಳುಗಳನ್ನು ಕರೆಯಿಸಿ, ಮಣ್ಣು ಹಾಕಿಸಿ, ಜಿನುಗನ್ನು ನಿಲ್ಲಿಸುವರು. ಆದರೆ ಅವರೇ ತಮ್ಮ ಲಾರಿಯ ಇಂಜಿನಿನ ಕೆಳಗೆ ಅಂಗೈಯಗಲ ಒದ್ದೆಯನ್ನು ಕಂಡರೆ, ರೇಡಿಯೇಟರಿಗೆ ಒಂದು ಚೊಂಬು ನೀರು ಸುರಿಸಿ ಗಾಡಿಯನ್ನು ಮಂಡಿಗೆ ಕಳುಹಿಸಿಬಿಡುವುದುಂಟು. ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹೇರಿಕೊಂಡು ಹೊರಟ ಲಾರಿಯು ನಡುದಾರಿಯಲ್ಲಿ ಬಿಸಿಯೇರಿ ನಿಂತರೆ ಆ ದಿನದ ಮಾಲು ಕೆಡುವುದು. ನಿಲ್ಲಿಸದೆ ಓಡಿಸಿದರೆ ಇಂಜಿನೇ ಕೆಡುವುದು. ಸಿಲಿಂಡರಿನ ತಲೆ ಸೊಟ್ಟಗಾಗಿ, ಅದರ ಗ್ಯಾಸ್ಕೆಟ್ಟು ಸುಟ್ಟು, ಕಡೆಗೆ ಪಿಸ್ಟನ್ನುಗಳು ಬಿಗಿದುಕೊಳ್ಳುವುವು. ಸಕಾಲದಲ್ಲಿ ಒಂದು ಪಂಪನ್ನು ಬದಲಾಯಿಸಿದ್ದರೆ ಈ ನಷ್ಟವೆಲ್ಲವೂ ತಪ್ಪುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಒಪ್ಪುವುದು.

ಪಂಪಿನ ಕೆಲಸ

ಇಂಜಿನಿನಲ್ಲಿ ಉರಿಯುವ ಎಣ್ಣೆಯ ಶಾಖದಲ್ಲಿ ಸುಮಾರು ಕಾಲು ಪಾಲು, ಕೆಲವು ವೇಳೆ ಅದಕ್ಕೂ ಹೆಚ್ಚು, ತಂಪುನೀರಿನ ಮೂಲಕ ಹೊರಗೆ ಹೋಗಬೇಕು. ಕಾದ ನೀರು ಹಗುರವಾಗಿ ತಾನಾಗಿಯೇ ಮೇಲೇರುವುದು. ಫೋರ್ಡ್ ಕಂಪನಿಯು 1908ರಲ್ಲಿ ಹೊರತಂದ ಟಿ ಮಾದರಿಯ ಮೊದಲಿನ ಸುಮಾರು 2,500 ಕಾರುಗಳ ತರುವಾಯ ಪಂಪನ್ನು ಕೈಬಿಟ್ಟು, ನೀರಿನ ಈ ಸ್ವಭಾವವನ್ನೇ ನಂಬಿತ್ತು. ಆದರೆ ಅದು ಕೇವಲ 20 ಕುದುರೆ ಶಕ್ತಿಯ ಇಂಜಿನು. ಭಾರ ಹೊತ್ತು ದಿಣ್ಣೆಯೇರುವ ಲಾರಿಗೆ ಅಷ್ಟು ಸಾಲದು. ಪಂಪಿನೊಳಗಿನ ರೆಕ್ಕೆಚಕ್ರವು ನೀರನ್ನು ಬಲವಂತವಾಗಿ ಇಂಜಿನಿಗೂ ರೇಡಿಯೇಟರಿಗೂ ನಡುವೆ ಸುತ್ತಿಸುತ್ತಲೇ ಇರಬೇಕು.

ಕೆಡುಕಿನ ಗುರುತುಗಳು

ಪಂಪಿನ ಅಚ್ಚಿನ ಕೆಳಗೆ ಒಂದು ಸಣ್ಣ ರಂಧ್ರವಿರುವುದು. ಒಳಗಿನ ಸೀಲು ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಈ ರಂಧ್ರದಿಂದ ಹೊರಬೀಳಲಿ ಎಂದೇ ಅದನ್ನು ಇಟ್ಟಿರುವರು. ಅಲ್ಲಿಂದ ಹನಿಯು ಎಡೆಬಿಡದೆ ಬೀಳುತ್ತಿದ್ದರೆ ಅದು ಪಂಪು ಕೊಟ್ಟ ನೋಟೀಸೆಂದೇ ತಿಳಿಯತಕ್ಕದ್ದು. ಕೆಲವರು ರಂಧ್ರಕ್ಕೆ ಮೇಣವನ್ನೋ ಬೆಣೆಯನ್ನೋ ತುರುಕುವರು; ಇದು ದೊಡ್ಡ ತಪ್ಪು. ಹಾಗೆ ಮಾಡಿದರೆ ನೀರು ಬೇರಿಂಗನ್ನೇ ತಿನ್ನುವುದು. ಇಂಜಿನು ನಿಂತು ತಣ್ಣಗಿರುವಾಗ ಪಂಪಿನ ಗಾಲಿಯನ್ನು ಹಿಡಿದು ಅಲುಗಿಸಿ ನೋಡಬೇಕು. ಅದು ಅತ್ತಿತ್ತ ಆಡಿದರೆ, ಅಥವಾ ಓಡುವಾಗ ಕರಕರ ಶಬ್ದ ಕೇಳಿದರೆ, ಬೇರಿಂಗು ಸವೆದಿದೆ.

ಕೈಹಾಕುವ ಮುನ್ನ

ಬೆಲ್ಟಿನಿಂದ ತಿರುಗುವಂತೆ ಇಂಜಿನಿನ ಮುಂದುಗಡೆ ಹೊರಗೇ ಜೋಡಿಸಿರುವ ಪಂಪನ್ನು ಮಾತ್ರ ಮನೆಯಲ್ಲಿ ಬದಲಾಯಿಸಬಹುದು. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಿಗೆ ಕೈಹಾಕಕೂಡದು. ಅದರ ಹೊಂದಾಣಿಕೆ ಒಂದು ಹಲ್ಲು ತಪ್ಪಿದರೂ ಇಂಜಿನಿಗೆ ಕೇಡುಂಟಾಗಬಹುದು.

ಕಾದ ಇಂಜಿನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಬೆಂಗಳೂರಿನಷ್ಟು ಎತ್ತರದ ಊರಿನಲ್ಲಿ ಬಯಲಿನ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದು. ಮುಚ್ಚಳದ ಒತ್ತಡದಿಂದ ರೇಡಿಯೇಟರಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುವುದು. ಮುಚ್ಚಳ ತೆರೆದ ಕ್ಷಣವೇ ಒತ್ತಡವಿಳಿದು, ನೀರು ಹಬೆಯೊಡನೆ ಚಿಮ್ಮಿ ಮುಖವನ್ನೂ ಕಣ್ಣನ್ನೂ ಸುಡುವುದು. ಆದಕಾರಣ ರಾತ್ರಿಯೆಲ್ಲ ತಣಿಯಬಿಟ್ಟು ಬೆಳಿಗ್ಗೆ ಕೆಲಸಕ್ಕೆ ತೊಡಗುವುದು ಲೇಸು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಋಣ ತಂತಿಯನ್ನು ಕಳಚತಕ್ಕದ್ದು. ವಿದ್ಯುತ್ತಿನ ಫ್ಯಾನಿದ್ದರೆ ಅದು ಇಂಜಿನು ನಿಂತಿರುವಾಗಲೂ ತಿರುಗಬಹುದು.

ಬಿಚ್ಚುವ ಕ್ರಮ

ರೇಡಿಯೇಟರಿನ ನೀರನ್ನು ಅಗಲವಾದ ಪಾತ್ರೆಗೆ ಇಳಿಸಿಕೊಳ್ಳಬೇಕು. ಕೂಲೆಂಟ್ ಬೆರೆಸಿದ ನೀರಾದರೆ ವಿಶೇಷ ಎಚ್ಚರವಿರಲಿ. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ದನ, ನಾಯಿ ಅಥವಾ ಮಗು ಕುಡಿದರೆ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೇ ಅಪಾಯವುಂಟು. ಅದನ್ನು ಕಾಲುವೆಗಾಗಲಿ, ತಿಪ್ಪೆಗಾಗಲಿ, ಬಾವಿಯ ಬಳಿಯಾಗಲಿ ಚೆಲ್ಲದೆ, ಬಾಯಿ ಮುಚ್ಚಿದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸತಕ್ಕದ್ದು.

ಬೆಲ್ಟು ಬಿಗಿಯಾಗಿರುವಾಗಲೇ ಗಾಲಿಯ ಬೋಲ್ಟುಗಳನ್ನು ಸಡಿಲಿಸಿಕೊಂಡರೆ ಗಾಲಿ ತಿರುಗದೆ ಕೆಲಸ ಸುಲಭವಾಗುವುದು. ಆಮೇಲೆ ಬೆಲ್ಟು, ಫ್ಯಾನು, ರಬ್ಬರು ಕೊಳವೆಗಳನ್ನು ತೆಗೆಯಬೇಕು. ಪಂಪಿನ ಬೋಲ್ಟುಗಳೆಲ್ಲ ಒಂದೇ ಉದ್ದವಿರುವುದಿಲ್ಲ. ರಟ್ಟಿನ ಮೇಲೆ ಪಂಪಿನ ಆಕಾರವನ್ನು ಬರೆದು, ತೆಗೆದ ಬೋಲ್ಟನ್ನು ಅದರದರ ಸ್ಥಳದಲ್ಲಿಯೇ ಚುಚ್ಚಿಡುವುದು ಒಳ್ಳೆಯ ಪದ್ಧತಿ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಕಾಯಬೇಕು. ಬಲಾತ್ಕಾರದಿಂದ ತಿರುಗಿಸಿದರೆ ತಲೆ ಮುರಿದು ಕಾಲು ಒಳಗೇ ಉಳಿಯುವುದು.

ಕೂಡಿಸುವ ಕ್ರಮ

ಹೊಸ ಪಂಪನ್ನು ಹಳೆಯದರ ಪಕ್ಕದಲ್ಲಿಟ್ಟು, ರಂಧ್ರಗಳ ಸ್ಥಾನ, ಅಚ್ಚಿನ ಉದ್ದ ಮತ್ತು ರೆಕ್ಕೆಗಳ ಓರೆ ಒಂದೇ ಆಗಿವೆಯೇ ಎಂದು ನೋಡಬೇಕು. ಇಂಜಿನಿನ ಬಾಯಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಲೋಹಕ್ಕೆ ಗೀರು ಬೀಳದಂತೆ ಕೆರೆದು ತೆಗೆದು, ಬಟ್ಟೆಯನ್ನು ಮರೆಯದೆ ಹೊರತೆಗೆಯಬೇಕು. ಹೊಸ ಗ್ಯಾಸ್ಕೆಟ್ಟನ್ನಿಟ್ಟು ಬೋಲ್ಟುಗಳನ್ನು ಮೊದಲು ಕೈಬೆರಳಿನಿಂದಲೇ ತಿರುಗಿಸಿ, ಬಳಿಕ ಒಂದರ ಎದುರಿಗೊಂದರಂತೆ ಸ್ವಲ್ಪಸ್ವಲ್ಪವಾಗಿ, ಕೈಪಿಡಿಯಲ್ಲಿ ಹೇಳಿರುವಷ್ಟೇ ಬಿಗಿಯತಕ್ಕದ್ದು. ಒಂದೇ ಪಕ್ಕ ಬಿಗಿದರೆ ಪಂಪು ಬಿರಿಯಬಹುದು. ಕೈಯಿಂದ ಬಿಗಿಗೊಳಿಸುವ ಬೆಲ್ಟಾದರೆ, ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ತಗ್ಗುವಂತಿರಲಿ. ಅತಿಯಾಗಿ ಬಿಗಿದರೆ ಹೊಸ ಬೇರಿಂಗಿಗೂ ಹಳೆಯದರ ಗತಿಯೇ ಬರುವುದು.

ನೀರು ತುಂಬುವುದು

ಕೊಳವೆಬಾವಿಯ ಗಡಸು ನೀರು ರೇಡಿಯೇಟರಿಗೆ ಆಗದು. ಬೇಸಗೆಯಲ್ಲಿ ಮನೆಯ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಇಂಜಿನಿನೊಳಗೂ ಕಟ್ಟಿ ಶಾಖವನ್ನು ತಡೆಯುವುದು. ಭಟ್ಟಿ ಇಳಿಸಿದ ನೀರಿಗೆ, ಇಂಜಿನು ತಯಾರಿಸಿದವರು ಹೇಳಿದ ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ನಿಧಾನವಾಗಿ ತುಂಬಿ, ಗಾಳಿ ಬಿಡುವ ತಿರುಪು ಇದ್ದರೆ ತೆರೆದು, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಬೇಕು. ಗಾಳಿ ಉಳಿದರೆ ನೀರಿದ್ದೂ ಇಂಜಿನು ಕಾಯುವುದು. ಬ್ಯಾಟರಿಯ ತಂತಿ ಸೇರಿಸಿ, ಮುಚ್ಚಳ ಹಾಕಿ, ಇಂಜಿನನ್ನು ನಿಂತಲ್ಲೇ ನಡೆಸಿ, ಉಷ್ಣದ ಮುಳ್ಳಿನ ಮೇಲೆ ಕಣ್ಣಿಟ್ಟಿರಬೇಕು. ಸುಮಾರು 80 ಡಿಗ್ರಿ ದಾಟಿ ಥರ್ಮೋಸ್ಟಾಟ್ ತೆರೆದಾಗ ಮೇಲಿನ ಕೊಳವೆ ಬೆಚ್ಚಗಾಗುವುದು. ಪೂರ್ಣ ತಣಿದ ಮೇಲೆ ಮುಚ್ಚಳ ತೆಗೆದು, ಕಡಿಮೆಯಾದ ನೀರನ್ನು ತುಂಬಿಸಿ, ಸೇರಿಕೆಗಳನ್ನು ಒಣಬಟ್ಟೆಯಿಂದ ಒರಸಿ ನೋಡತಕ್ಕದ್ದು. ಖಾಲಿ ಗಾಡಿಯನ್ನು ಹತ್ತಾರು ಮೈಲಿ ಓಡಿಸಿ ಪರೀಕ್ಷಿಸಿದ ನಂತರವೇ ಮಾಲು ಹೇರಬೇಕು.

ಪಂಪು ಬದಲಾಯಿಸಿದ ತಾರೀಖನ್ನೂ ಓಡಿದ ದೂರವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಬೆಳಿಗ್ಗೆ ಗಾಡಿ ಹೊರಡುವ ಮುನ್ನ ಇಂಜಿನಿನ ಕೆಳಗೊಮ್ಮೆ ಬಗ್ಗಿ ನೋಡುವಂತೆ ಚಾಲಕನಿಗೆ ಯಜಮಾನರು ತಾಕೀತು ಮಾಡಬೇಕು. ಅದಕ್ಕಿಂತ ಮಿಗಿಲಾಗಿ, ಅವನು ಬಂದು "ನೀರು ಜಿನುಗುತ್ತಿದೆ" ಎಂದು ಹೇಳಿದ ದಿನ, ಬಾಡಿಗೆ ತಪ್ಪುವುದೆಂದು ಅವನನ್ನು ಗದರಿಸಿ ಕಳುಹಿಸಬಾರದು. ಏರಿಯ ಜಿನುಗನ್ನು ತಿಳಿಸಿದ ನೀರುಗಂಟಿಯ ಮಾತಿಗೆ ಸಲ್ಲುವ ಬೆಲೆಯೇ ಅವನ ಮಾತಿಗೂ ಸಲ್ಲಬೇಕು.