ಪಾತ್ರೆಯ ತಳದ ಬಿಳಿ ಪೊರೆ

ಬೋರ್‌ವೆಲ್ ನೀರು ಕಾಯಿಸುವ ಮನೆಗಳಲ್ಲಿ ಪಾತ್ರೆಯ ಒಳಮೈಗೆ ಬಿಳಿ ಪೊರೆ ಕಟ್ಟುತ್ತದೆ. ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ವಾರದೊಳಗೆ ಮತ್ತೆ ಹಾಜರು. ಬೇಳೆ ಬೇಯಗೊಡದ, ಸೋಪಿನ ನೊರೆ ಏಳಗೊಡದ, ಗೀಸರ್ ಕೆಡಿಸುವ ಈ ಗಡಸು ನೀರನ್ನು ಹೊಗಳಿದವರನ್ನು ನಾನಂತೂ ಕಂಡಿಲ್ಲ. ಈ ಅಧ್ಯಾಯ ಮುಗಿಯುವಷ್ಟರಲ್ಲಿ ಅದಕ್ಕೊಂದು ಒಳ್ಳೆಯ ಮಾತು ಸಲ್ಲಬೇಕಿದೆ. ಮೊದಲು ಹೊಳೆಯ ಕಡೆ ಹೋಗಿ ಬರೋಣ.

ಕೆಆರ್‌ಎಸ್ ಹಿನ್ನೀರಿನ ದಂಡೆಯಲ್ಲಿ ಕರಿದ ಮೀನು ತಿನ್ನಲೆಂದೇ ಹೋಗುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್ತೊಂಬ ಅವರಲ್ಲೊಬ್ಬರು. ಕೆಲವು ಮೀನುಗಳ ಮೈ ವಿಕಾರವಾಗಿರುವುದು ಅವರ ಕಣ್ಣಿಗೆ ಬಿತ್ತು. ನೀರಿನಲ್ಲೇ ಏನೋ ಇರಬೇಕೆಂದು ಅವರ ತಂಡ ಮೂರು ಕಡೆಯಿಂದ ನೀರು ತುಂಬಿಸಿಕೊಂಡು ಬಂದಿತು: ರಭಸವಾಗಿ ಹರಿಯುವಲ್ಲಿಂದ, ನಿಧಾನವಾಗಿ ಸಾಗುವಲ್ಲಿಂದ, ನಿಂತಲ್ಲಿಂದ. ಆ ನೀರಿನಲ್ಲಿ ಜೀಬ್ರಾಮೀನಿನ ಭ್ರೂಣಗಳನ್ನು ಬೆಳೆಸಿದರು. ನಿಧಾನದ ನೀರು ಮತ್ತು ನಿಂತ ನೀರು ಕಂಡ ಮರಿಗಳಲ್ಲಿ ಮೂಳೆ ಡೊಂಕಾಯಿತು, ಹೃದಯಕ್ಕೆ ಪೆಟ್ಟು ಬಿತ್ತು, ಸಾಯುವವೂ ಹೆಚ್ಚಾದವು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದು ನೋಡಿದರೂ ಫಲಿತಾಂಶ ಅದೇ. ಆ ನೀರಿನಲ್ಲಿ ಸಿಕ್ಕದ್ದು ಮೈಕ್ರೋಪ್ಲಾಸ್ಟಿಕ್, ಜೊತೆಗೆ ಕೆಲವು ವಿಷಕಾರಿ ರಾಸಾಯನಿಕ. ಅಧ್ಯಯನ ಪ್ರಕಟವಾದದ್ದು 2022ರಲ್ಲಿ. ತಪ್ಪೆಲ್ಲ ಪ್ಲಾಸ್ಟಿಕ್ಕಿನದೇ ಎಂದು ಇದರಿಂದ ತೀರ್ಪು ಕೊಡಲು ಬರುವುದಿಲ್ಲ. ಕಸ ನೀರು ನಿಂತಲ್ಲಿ ತಂಗುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

5 ಮಿಲಿಮೀಟರಿಗಿಂತ ಚಿಕ್ಕದಾದ ಯಾವ ಪ್ಲಾಸ್ಟಿಕ್ ಚೂರೂ ಮೈಕ್ರೋಪ್ಲಾಸ್ಟಿಕ್ಕೇ. ಎಳ್ಳುಕಾಳಿನಷ್ಟಿರುವುದು ಈ ಕುಲದಲ್ಲಿ ದೈತ್ಯ. ಹೆಚ್ಚಿನವು ಬರಿಗಣ್ಣಿಗೆ ಕಾಣವು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಮ್ಸನ್ 2004ರ ತಮ್ಮ ಲೇಖನದಲ್ಲಿ ಬಳಸಿದ ಮೇಲೆ ಈ ಹೆಸರು ಎಲ್ಲರ ಬಾಯಿಗೆ ಬಂತು. ಬಿಸಿಲಿಗೆ ಒಣಗಿ ಪುಡಿಯಾಗುವ ಕ್ಯಾರಿಬ್ಯಾಗು, ಸವೆಯುವ ಟೈರು, ಪೇಂಟಿನ ಚಕ್ಕೆ ಎಲ್ಲವೂ ಕೊನೆಗೆ ಇದೇ ಆಗುತ್ತವೆ. ನಮ್ಮ ಲೆಕ್ಕಕ್ಕೆ ಬಾರದೆ ಉಳಿಯುವುದು ಬಟ್ಟೆ. ಅಕ್ರಿಲಿಕ್ ಬಟ್ಟೆಗಳನ್ನು 6 ಕಿಲೋ ತೂಕದಷ್ಟು ಒಮ್ಮೆ ವಾಷಿಂಗ್ ಮಷೀನಿಗೆ ಹಾಕಿದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ಉದುರಬಹುದೆಂದು ಅದೇ ವಿಶ್ವವಿದ್ಯಾಲಯದವರು 2016ರಲ್ಲಿ ಅಂದಾಜಿಸಿದರು. ಮಷೀನಿನ ನೀರು ಮೋರಿಗೆ, ಮೋರಿ ಹಳ್ಳಕ್ಕೆ, ಹಳ್ಳ ಹೊಳೆಗೆ.

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಕೊಟ್ಟ ಇಂಗ್ಲೆಂಡಿನ ಗಿರಣಿಗಳ ಊರು ಮ್ಯಾಂಚೆಸ್ಟರಿನ ಸುತ್ತಲಿನ ಹೊಳೆಗಳ ತಳವನ್ನು ವಿಜ್ಞಾನಿಗಳು ಕೆದಕಿದ್ದಾರೆ. ಟೇಮ್ ಎಂಬ ಹೊಳೆಯ ಒಂದು ಕಡೆ ಚದರ ಮೀಟರಿಗೆ 5 ಲಕ್ಷಕ್ಕೂ ಮಿಕ್ಕಿ ಕಣಗಳಿದ್ದವು. 2015–16ರ ಚಳಿಗಾಲದ ಪ್ರವಾಹ ಬಂದದ್ದೇ ತಳದಲ್ಲಿದ್ದ ಒಟ್ಟು ಕಣಗಳಲ್ಲಿ ಸುಮಾರು ಶೇ. 70ರಷ್ಟನ್ನು ಗುಡಿಸಿಕೊಂಡು ಸಮುದ್ರದ ಕಡೆ ನಡೆಯಿತು. ಹೊಳೆ ತೊಳೆಯಿತು, ಕಸ ಊರು ಬದಲಿಸಿತು, ಅಷ್ಟೆ.

ನಲ್ಲಿಗೆ ಬರುವ ನೀರಿನ ಕಥೆ ಅಷ್ಟು ಕೆಟ್ಟದ್ದಲ್ಲ. ಶುದ್ಧೀಕರಣ ಘಟಕದಲ್ಲಿ ಪಟಿಕ ಹಾಕಿದಾಗ ಕೆಸರಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ, ಪ್ಲಾಸ್ಟಿಕ್ಕಿನ ಬಹುಪಾಲೂ ಅವುಗಳ ಜೊತೆ ಇಳಿಯುತ್ತದೆ. ಉಳಿದದ್ದರಲ್ಲಿ ಒಂದಷ್ಟನ್ನು ಮರಳಿನ ಹಾಸು ಹಿಡಿಯುತ್ತದೆ. ನಲ್ಲಿ ನೀರಿಗೆ ಹೆದರಿ ಬಾಟಲಿಗೆ ಓಡುವವರೇ ಯೋಚಿಸಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಬಾಟಲಿ ನೀರಿನ ಒಂದು ಲೀಟರಿನಲ್ಲಿ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳಿದ್ದವು, ಅವುಗಳಲ್ಲಿ ಶೇ. 90ರಷ್ಟು ಮೈಕ್ರಾನಿಗಿಂತಲೂ ಸಣ್ಣವು. ಬಾಟಲಿಯದೇ ಪ್ಲಾಸ್ಟಿಕ್ ಇದ್ದದ್ದು ಅಚ್ಚರಿಯಲ್ಲ. ಅದಕ್ಕಿಂತ ಹೆಚ್ಚಾಗಿ ಒಂದು ಬಗೆಯ ನೈಲಾನ್ ಸಿಕ್ಕಿತು. ನೀರು ಸೋಸುವ ಫಿಲ್ಟರಿನಿಂದಲೇ ಬಂದಿರಬೇಕೆಂಬುದು ಅವರ ಊಹೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಟೀ ಅಂಗಡಿಯ ಕಾಗದದ ಲೋಟವೂ ಕಡಿಮೆಯದಲ್ಲ. ಅದರ ಒಳಮೈಗೆ ತೆಳು ಪ್ಲಾಸ್ಟಿಕ್ ಲೇಪವಿರುತ್ತದೆ. 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ನಿಂತರೆ ಸುಮಾರು 25,000 ಕಣ ಬಿಡುತ್ತದೆಂದು ಖರಗ್‌ಪುರದ ಐಐಟಿ ತಂಡ ತೋರಿಸಿತು.

ಇವೆಲ್ಲ ಮೈಯೊಳಗೆ ಹೋಗಿ ಏನು ಮಾಡುತ್ತವೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ತೀರ್ಮಾನಕ್ಕೆ ಬರುವಷ್ಟು ಮಾಹಿತಿ ಇಲ್ಲ ಎಂದಿತು. 2024ರಲ್ಲಿ ಇಟಲಿಯ ವೈದ್ಯರು ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನ ಗಡ್ಡೆಗಳಲ್ಲಿ ಪ್ಲಾಸ್ಟಿಕ್ ಕಂಡರು. ಗಡ್ಡೆಯಲ್ಲಿ ಅದು ಇದ್ದವರಿಗೆ ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಇಲ್ಲವೇ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಎರಡೂ ಒಟ್ಟಿಗೆ ಕಂಡವು ಎಂದಷ್ಟೇ ಇದರ ಅರ್ಥ, ಒಂದರಿಂದಲೇ ಇನ್ನೊಂದು ಆಯಿತೆಂದಲ್ಲ.

ಈಗ ಬಿಳಿ ಪೊರೆಗೆ ಬರೋಣ. ಚೀನಾದ ಗುವಾಂಗ್‌ಝೌ ಊರಿನ ಸಂಶೋಧಕರು ನಲ್ಲಿ ನೀರಿಗೆ ಪ್ಲಾಸ್ಟಿಕ್ ಕಣ ಬೆರೆಸಿ ಐದು ನಿಮಿಷ ಕುದಿಸಿ ಆರಲು ಬಿಟ್ಟರು. ಕಾದ ಗಡಸು ನೀರಿನಲ್ಲಿ ಸುಣ್ಣದ ಅಂಶ ಹರಳುಗಟ್ಟುತ್ತದೆ. ಹರಳು ಬೆಳೆಯುತ್ತಾ ಪಕ್ಕದ ಪ್ಲಾಸ್ಟಿಕ್ ಕಣವನ್ನೂ ಒಳಗೆ ಹಾಕಿಕೊಂಡು ತಳಕ್ಕಿಳಿಯುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನದ ನೀರಿನಲ್ಲಿ ಹೀಗೆ ಶೇ. 90ರವರೆಗೆ ಕಣಗಳು ಹೋದವು. ಮೆದು ನೀರಿನಲ್ಲಿ ಹೋದದ್ದು ಶೇ. 25ರಷ್ಟು ಮಾತ್ರ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು 300 ದಾಟುತ್ತದೆ. ಅಲ್ಲಿನ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ಅದಕ್ಕೆ ಬೇರೆ ಉಪಾಯವೇ ಬೇಕು.

ಕುದಿಸಿದ ನೀರನ್ನು ಕಲಕದೆ ಆರಲು ಬಿಟ್ಟು, ಮೇಲಿನದನ್ನು ಮೆಲ್ಲಗೆ ಬಗ್ಗಿಸಿ ಸೋಸಿ, ತಳದ ಲೋಟದಷ್ಟನ್ನು ಚೆಲ್ಲಬೇಕು. ಸೋಸುವ ಬಟ್ಟೆ ಅಜ್ಜನ ಹಳೆಯ ಹತ್ತಿ ಪಂಚೆಯದಾದರೆ ಸರಿ, ಪಾಲಿಯೆಸ್ಟರ್ ದುಪಟ್ಟಾ ಬೇಡ. ಪೊರೆ ತಿಕ್ಕಲು ಹಸಿರು ಸ್ಕ್ರಬ್ಬರ್ ಹಿಡಿದರೆ ಬಂದ ದಾರಿಗೆ ಸುಂಕವಿಲ್ಲ, ಅದೂ ಪ್ಲಾಸ್ಟಿಕ್ ಎಳೆಯದೇ. ತೆಂಗಿನ ನಾರಿದೆ, ಹುಣಸೆಹಣ್ಣಿದೆ.